ಪುರುಸೊತ್ತಿಲ್ಲದ ವಿದ್ಯಾರ್ಥಿಗೆ ಯಾವ ಲಿನಕ್ಸ್?

ಕ್ಲಾಸು, ಅಸೈನ್‌ಮೆಂಟ್ ನಡುವೆ ರಿಪೇರಿಗೆ ಪುರುಸೊತ್ತಿಲ್ಲ, ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ಬಗೆಗಳಲ್ಲಿ ಆರ್ಚ್ ಹಾಕಲಾ ಫೆಡೋರಾ ಹಾಕಲಾ ಅಂತ ಕೇಳಿದ್ದೀರಿ. ಎರಡೂ ಒಳ್ಳೆಯವೇ, ಆದರೆ ನಿಮಗೆ ಲಿನಕ್ಸ್ ಮಿಂಟ್ ಸರಿ. ಆರ್ಚ್‌ಗೆ ಅಪ್‌ಡೇಟ್ ಬರುತ್ತಲೇ ಇರುತ್ತವೆ, ಕೆಲವೊಮ್ಮೆ ನಾವೇ ಕೂತು ಸರಿ ಮಾಡಬೇಕಾಗುತ್ತದೆ. ಫೆಡೋರಾದ ಒಂದು ಆವೃತ್ತಿಗೆ ಸುಮಾರು 13 ತಿಂಗಳಷ್ಟೇ ಬೆಂಬಲ. ಮಿಂಟ್ 22ಕ್ಕೆ 2029ರವರೆಗೂ ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತದೆ.

ಹಾಕಿದ ದಿನವೇ ಮಿಂಟ್‌ನಲ್ಲೇ ಇರುವ ಟೈಮ್‌ಶಿಫ್ಟ್ ಎಂಬ ಬ್ಯಾಕಪ್ ಆ್ಯಪ್ ತೆರೆದು ದಿನಕ್ಕೊಂದು ಸ್ನ್ಯಾಪ್‌ಶಾಟ್ (ಸಿಸ್ಟಂ ಆ ಹೊತ್ತಿಗೆ ಇದ್ದಂತೆ ಉಳಿಸಿದ ಪ್ರತಿ) ತೆಗೆಯುವಂತೆ ಮಾಡಿಡಿ. ಇದನ್ನು ಮಾತ್ರ ಮುಂದೂಡಬೇಡಿ. ಪರೀಕ್ಷೆಯ ಹಿಂದಿನ ರಾತ್ರಿ ಅಪ್‌ಡೇಟ್ ಕೈಕೊಟ್ಟರೆ, ಹಿಂದಿನ ದಿನದ ಸ್ನ್ಯಾಪ್‌ಶಾಟ್ ಆರಿಸಿ ರಿಸ್ಟೋರ್ ಒತ್ತಿದರಾಯಿತು. ಆದರೆ ಅದು ಸಾಮಾನ್ಯವಾಗಿ ಸಿಸ್ಟಂ ಫೈಲುಗಳನ್ನಷ್ಟೇ ಉಳಿಸುತ್ತದೆ. ನೋಟ್ಸು, ಪ್ರಾಜೆಕ್ಟ್‌ಗಳನ್ನು ದಯವಿಟ್ಟು ಬೇರೆ ಡ್ರೈವಿಗೂ ಕಾಪಿ ಮಾಡಿಕೊಳ್ಳಿ. ಥೀಮು, ಐಕಾನು ಬದಲಾಯಿಸೋದೆಲ್ಲ ರಜೆಯಲ್ಲಿ ಮಾಡಿದರಾಯಿತು.