ಏರು ಹತ್ತುವವರಿಗೆ ದಾರಿ ಮೊದಲು

ಪತ್ರ: ಸಂಪಾದಕರೇ, ನನಗೆ 44 ವರ್ಷ. ಮೂರ್ನಾಡಿನ ಹತ್ತಿರ ನಮ್ಮ ತೋಟ. ಡ್ರೈವಿಂಗ್ ಟೆಸ್ಟಿನಲ್ಲಿ ಎರಡು ಸಲ ಗಾಡಿ ಆಫ್ ಆಗಿ ಫೇಲಾದೆ. ಮೂರನೇ ಸಲ ಪಾಸಾಗಿ ಐದು ತಿಂಗಳಾಯಿತು. ಒಂದು ದಿನ ನಮ್ಮ ಮನೆಯ ಏರು ಹತ್ತುವಾಗ ಎದುರಿಗೆ ಜೀಪು ಇಳಿದು ಬಂತು. ಗಾಬರಿಯಲ್ಲಿ ಗಾಡಿ ನಿಂತು ಹಿಂದಕ್ಕೆ ಜಾರಿತು. ಜೀಪಿನವನು ‘ಬರದಿದ್ದ ಮೇಲೆ ಯಾಕೆ ರೋಡಿಗೆ ತರ್ತೀರಾ’ ಅಂತ ಕೂಗಿದ. ಅವತ್ತಿನಿಂದ ಕೀ ಮುಟ್ಟಿಲ್ಲ. ನಮ್ಮ ಮನೆಯವರು ‘ಮಗ ಬೆಂಗಳೂರಿನಿಂದ ಬಂದಾಗ ಹೋದರಾಯಿತು, ಇಲ್ಲದಿದ್ದರೆ ಆಟೋಮ್ಯಾಟಿಕ್ ಕಾರು ತಗೊಳ್ಳೋಣ’ ಅನ್ನುತ್ತಾರೆ. ಧೈರ್ಯ ಬರಲು ಏನು ಮಾಡಲಿ? ಹೆಸರು ಹಾಕಬೇಡಿ.

ಸಂಪಾದಕರ ಉತ್ತರ: ಮೊದಲು ಆ ಜೀಪಿನ ವಿಷಯ ಮುಗಿಸೋಣ. ತಪ್ಪು ನಿಮ್ಮದಲ್ಲ, ಅವನದು. ಸಮಾಧಾನಕ್ಕೆ ಹೇಳುತ್ತಿಲ್ಲ, ಕಾನೂನೇ ಹಾಗಿದೆ. ಬೆಟ್ಟದ ದಾರಿಯಲ್ಲಿ ಎರಡು ಗಾಡಿ ಸಲೀಸಾಗಿ ದಾಟಲು ಜಾಗವಿಲ್ಲದಿದ್ದರೆ, ಇಳಿದು ಬರುವವನು ಬದಿಗೆ ನಿಲ್ಲಿಸಿ ಹತ್ತುವವರಿಗೆ ದಾರಿ ಬಿಡಬೇಕು. 1989ರ ರಸ್ತೆ ನಿಯಮಗಳಲ್ಲಿ ಇದಿತ್ತು. ಅವುಗಳ ಜಾಗಕ್ಕೆ ಬಂದ 2017ರ ನಿಯಮಗಳಲ್ಲೂ ಇದೆ. ಕಾರಣ ಸರಳ. ಇಳಿಯುವವನು ಬ್ರೇಕಿನಿಂದ ಕಾಲು ತೆಗೆದರೆ ಸಾಕು, ಗಾಡಿ ತಾನೇ ಹೊರಡುತ್ತದೆ. ಏರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಎಬ್ಬಿಸುವುದು ಕಷ್ಟ. ಕೊಡಗಿನಲ್ಲೇ ಹುಟ್ಟಿ, ಇಲ್ಲೇ ಇಪ್ಪತ್ತು ವರ್ಷ ಗಾಡಿ ಓಡಿಸಿದ ಎಷ್ಟೋ ಮಂದಿಗೆ ಇದು ಗೊತ್ತಿಲ್ಲ. ನನ್ನ ಬಹಳ ದಿನದ ಸಂಕಟ ಇದು. ದೊಡ್ಡ ಗಾಡಿಗೆ ದಾರಿ, ಜೋರಾಗಿ ಹಾರ್ನ್ ಹೊಡೆದವನಿಗೆ ದಾರಿ ಅಂತ ತಿಳಿದುಕೊಂಡಿದ್ದಾರೆ. ಅವನು ನಿಮ್ಮ ಕ್ಷಮೆ ಕೇಳಬೇಕಿತ್ತು. ನೀವು ಮನೆಗೆ ಬಂದು ಕೀ ತೆಗೆದಿಟ್ಟಿರಿ.

ಇನ್ನು ಆ ‘ಎರಡು ಸಲ ಫೇಲಾದೆ’ ಅನ್ನುವ ಮಾತು. ಅದನ್ನು ನೀವು ತಲೆ ತಗ್ಗಿಸಿ ಬರೆದಂತೆ ಕಂಡಿತು. ಯಾಕೆ ತಂಗಿ? ಒಂದು ಸಲ ಆಗದಿದ್ದರೆ ಏಳು ದಿನ ಬಿಟ್ಟು ಮತ್ತೆ ಬನ್ನಿ ಅನ್ನುತ್ತದೆ ಮೋಟಾರು ವಾಹನ ಕಾಯ್ದೆ. ಮೂರು ಸಲವೂ ಆಗದಿದ್ದರೆ 60 ದಿನ ಬಿಟ್ಟು ಬನ್ನಿ ಅನ್ನುತ್ತದೆ. ಇನ್ನು ಬರಲೇಬೇಡಿ ಅಂತ ಎಲ್ಲೂ ಹೇಳಿಲ್ಲ. ಟೆಸ್ಟಿನಲ್ಲಿ ಏನೇನು ನೋಡಬೇಕು ಅನ್ನುವುದು ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮದಲ್ಲಿದೆ. ಕಡಿದಾದ ಏರಿನಲ್ಲಿ ಗಾಡಿಯನ್ನು ಹಿಂದಕ್ಕೆ ಜಾರಲು ಬಿಡದೆ ಹೊರಡಿಸುವುದೂ ಆ ಪಟ್ಟಿಯಲ್ಲಿದೆ. ಅಂದರೆ ನಿಮ್ಮ ಮನೆಯ ಏರಿನಲ್ಲಿ ನಿಮಗೆ ಕಷ್ಟವಾದದ್ದು ಕಷ್ಟದ ಕೆಲಸವೇ. ಅದಕ್ಕೇ ಅದನ್ನು ಪರೀಕ್ಷೆಗೆ ಇಟ್ಟಿದ್ದಾರೆ. ಕಲಿತು ಪಾಸಾದವರ ಲೈಸೆನ್ಸಿನ ಮೇಲೆ ಎಷ್ಟನೇ ಸಲ ಅಂತ ಯಾರೂ ಅಚ್ಚು ಹಾಕುವುದಿಲ್ಲ.

ನಿಮ್ಮ ಮನೆಯವರ ಮಾತಿನಲ್ಲೂ ಹುರುಳಿದೆ. ಮಳೆಗಾಲದಲ್ಲಿ ನಮ್ಮ ದಾರಿಗಳು ಹೊಸಬರಿಗೆ ಸುಲಭವಲ್ಲ. ಕಾಳಜಿ ಇರುವವರು ಹೆದರುತ್ತಾರೆ. ಆಟೋಮ್ಯಾಟಿಕ್ ಕಾರಿನಲ್ಲಿ ಕ್ಲಚ್ಚಿನ ಗೋಜಿಲ್ಲ, ಮಂಡಿ ನೋವಿನವರಿಗೆ ಅದು ಒಳ್ಳೆಯದೇ. ಅಷ್ಟು ಒಪ್ಪುತ್ತೇನೆ. ಆದರೆ ಇಳಿಜಾರು ಅದಕ್ಕೂ ಇಳಿಜಾರೇ. ಅದರಲ್ಲೂ ಗೇರ್ ಕಡಿಮೆ ಮಾಡಿಕೊಂಡೇ ಇಳಿಯಬೇಕು. ಹೊಸ ಕಾರು ಕೊಂಡರೆ ಹೆದರಿಕೆ ಹಳೆಯ ಕಾರಿನ ಜೊತೆ ಮಾರಾಟವಾಗುವುದಿಲ್ಲ.

ನನಗೆ ಸಿಟ್ಟು ಬರುವುದು ಬೇರೆ ಕಡೆ. ನಿಮ್ಮ ಮನೆ ಅಂತಲ್ಲ, ನಮ್ಮ ಎಷ್ಟೋ ಮನೆಗಳಲ್ಲಿ ಹದಿನೈದು ವರ್ಷದ ಹುಡುಗನಿಗೆ ಪಿಕಪ್ ಕೊಡುತ್ತಾರೆ. ಮೊದಲು ತೋಟದೊಳಗೆ, ಆಮೇಲೆ ‘ಇಲ್ಲೇ ಅಂಗಡಿ ತನಕ’. ಅವನು ಡಾಂಬರು ರಸ್ತೆಗೆ ಬಂದಾಗ ಅಪ್ಪನಿಗೆ ಹೆಮ್ಮೆ. ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ ಅಂತ 2019ರ ತಿದ್ದುಪಡಿಯಲ್ಲಿದೆ. ಆ ಅಪ್ಪನಿಗೆ ಅದು ನೆನಪಾಗುವುದಿಲ್ಲ. ಲೈಸೆನ್ಸ್ ಇರುವ ಹೆಂಡತಿ ಕೀ ಕೇಳಿದರೆ ಮಾತ್ರ ಅವನಿಗೆ ಮಳೆ, ಮಂಜು, ಲಾರಿ, ಆನೆ ಎಲ್ಲವೂ ನೆನಪಾಗುತ್ತವೆ.

ನಮ್ಮದು ಕೋವಿಯ ನಾಡು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದ ವಿನಾಯಿತಿ ಇದೆ. ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತೇವೆ. ಆದರೆ ಯಾವ ಮನೆಯಲ್ಲಿ ಸುಮ್ನೆ ಕೋವಿ ಎತ್ತಿ ಕೈಗೆ ಕೊಡುತ್ತಾರೆ? ತುಂಬಿದೆಯೋ ಇಲ್ಲವೋ ಮೊದಲು ನೋಡು, ಬಾಯಿ ಯಾರ ಕಡೆಗೂ ತಿರುಗಿಸಬೇಡ, ಬೆರಳು ಅಲ್ಲಿ ಇಡಬೇಡ. ಪಕ್ಕದಲ್ಲಿ ನಿಂತು, ಕೂಗದೆ, ಹತ್ತು ಸಲ ಹೇಳಿಕೊಡುತ್ತಾರೆ. ಸಾವಿರ ಕಿಲೋ ತೂಗುವ ಕಾರಿನ ವಿಷಯದಲ್ಲಿ ಆ ತಾಳ್ಮೆ ಎಲ್ಲಿ ಹೋಗುತ್ತದೆ? ಪಕ್ಕದ ಸೀಟಿನಲ್ಲಿ ಕೂತು ‘ಬ್ರೇಕ್, ಬ್ರೇಕ್’ ಅಂತ ಕಿರುಚುವುದು ಕಲಿಸುವುದಲ್ಲ.

ನನ್ನ ಚಿಕ್ಕಮ್ಮನ ಕಥೆ ಹೇಳುತ್ತೇನೆ. ಚಿಕ್ಕಪ್ಪ ತೀರಿಕೊಂಡಾಗ ಅವರಿಗೆ ಐವತ್ತು ದಾಟಿತ್ತು. ಮನೆಯಲ್ಲಿ ಹಳೆಯ ಜೀಪು. ಕಲಿತು ಲೈಸೆನ್ಸ್ ಮಾಡಿಸಿದರು. ಆಮೇಲೂ ಒಂದು ತಿಂಗಳು ಅವರು ಗೇಟು ದಾಟಲಿಲ್ಲ. ದಿನಾ ಬೆಳಿಗ್ಗೆ ಆರೂವರೆಗೆ, ಆಳುಗಳು ಬರುವ ಮೊದಲು, ಮನೆಯಿಂದ ಗೇಟಿಗೆ, ಗೇಟಿನಿಂದ ಕಣಕ್ಕೆ. ಏರಿನ ಮಧ್ಯೆ ಬೇಕೆಂದೇ ನಿಲ್ಲಿಸುತ್ತಿದ್ದರು. ಮತ್ತೆ ಹೊರಡಿಸುತ್ತಿದ್ದರು. ಮತ್ತೆ ನಿಲ್ಲಿಸುತ್ತಿದ್ದರು. ಹಿಂದಿನ ಚಕ್ರಕ್ಕೆ ಕಲ್ಲು ಕೊಡಲು ತೋಟದ ಒಬ್ಬ ಹೆಂಗಸು ಬದಿಯಲ್ಲಿ ನಿಂತಿರುತ್ತಿದ್ದಳು. ಒಂದು ದಿನ ಆ ಕಲ್ಲು ಬೇಕಾಗಲಿಲ್ಲ. ಮಾರನೆಯ ದಿನವೂ ಬೇಕಾಗಲಿಲ್ಲ. ಆ ವಾರ ಅವರು ಹಾಲಿನ ಡೇರಿಗೆ ಜೀಪಿನಲ್ಲಿ ಹೋದರು. ವರ್ಷ ಕಳೆಯುವುದರೊಳಗೆ ವಿರಾಜಪೇಟೆಗೆ, ಒಬ್ಬರೇ. ಅವರು ಎಂದೂ ನಲವತ್ತರ ಮೇಲೆ ಓಡಿಸಲಿಲ್ಲ. ಹಿಂದೆ ಹಾರ್ನ್ ಹೊಡೆದರೆ ಅಗಲ ಸಿಕ್ಕಿದ ಕಡೆ ಬದಿಗೆ ತೆಗೆದು ದಾರಿ ಬಿಡುತ್ತಿದ್ದರು. ಅವಸರ ಇದ್ದವನು ಹೋಗಲಿ ಅನ್ನುತ್ತಿದ್ದರು.

ನೀವೂ ಅಲ್ಲಿಂದ ಶುರು ಮಾಡಿ. ಆ ಏರನ್ನೇ ಮೊದಲು ಗೆಲ್ಲಿ. ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿ. ಒಂದನೇ ಗೇರ್, ಸ್ವಲ್ಪ ಆಕ್ಸಿಲರೇಟರ್, ಕ್ಲಚ್ಚನ್ನು ನಿಧಾನ ಬಿಡುತ್ತಾ ಬನ್ನಿ. ಹಾಫ್ ಕ್ಲಚ್ಚಿಗೆ ಬಂದಾಗ ಇಂಜಿನ್ನಿನ ಸದ್ದು ತಗ್ಗುತ್ತದೆ, ಕಾರಿನ ಮೂತಿ ಒಂದಿಷ್ಟು ಮೇಲೆ ಏಳುತ್ತದೆ. ಕಾಲನ್ನು ಅಲ್ಲೇ ಹಿಡಿದು ಹ್ಯಾಂಡ್ ಬ್ರೇಕ್ ಇಳಿಸಿ. ಗಾಡಿ ಹಿಂದೆ ಹೋಗುವುದಿಲ್ಲ. ಇಪ್ಪತ್ತು ಸಲ ಮಾಡಿ. ಕಿವಿಗೆ ಆ ಸದ್ದು ಹಿಡಿದ ಮೇಲೆ ಕಾಲು ತಾನೇ ಕಲಿಯುತ್ತದೆ.

ಇಳಿಯುವಾಗ, ಹತ್ತಲು ಯಾವ ಗೇರ್ ಬೇಕಿತ್ತೋ ಅದೇ ಗೇರಿನಲ್ಲಿ ಇಳಿಯಿರಿ. ಉದ್ದಕ್ಕೂ ಬ್ರೇಕ್ ಒತ್ತಿ ಹಿಡಿದರೆ ಅದು ಕಾದು, ಬೇಕಾದಾಗ ಹಿಡಿಯುವುದಿಲ್ಲ. ಸಂಪಾಜೆ ಘಾಟಿಯಲ್ಲಿ ಸುಟ್ಟ ವಾಸನೆ ಬಂದರೆ ಮುಂದಿನ ಗಾಡಿಯವನು ಇದನ್ನು ಕಲಿತಿಲ್ಲ ಅಂತ ತಿಳಿಯಿರಿ. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವವರ ಮಾತು ಕೇಳಲೇಬೇಡಿ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಡಿಮ್ ಇರಲಿ. ಬೇಸಿಗೆ ಕಳೆದು ಬೀಳುವ ಮೊದಲ ಮಳೆಯಲ್ಲಿ ಜಾಸ್ತಿ ಜಾಗ್ರತೆ. ರಸ್ತೆಯ ಮೇಲಿನ ಎಣ್ಣೆ, ಧೂಳು, ಒದ್ದೆ ಎಲೆ ಸೇರಿ ಜಾರುತ್ತದೆ.

ಇಷ್ಟೊಂದು ಯಾಕೆ ಹಟ ಹಿಡಿದು ಹೇಳುತ್ತಿದ್ದೇನೆ ಗೊತ್ತಾ? ನಮ್ಮ ಜಿಲ್ಲೆಗೆ ರೈಲಿಲ್ಲ. ಬಸ್ಸು ಮುಖ್ಯರಸ್ತೆಯಲ್ಲಿ ಹೋಗುತ್ತದೆ, ಮನೆ ಎರಡು ಮೂರು ಕಿಲೋಮೀಟರ್ ಒಳಗಿರುತ್ತದೆ. ಸಂಜೆಯ ಬಸ್ಸು ತಪ್ಪಿದರೆ ಮುಗಿಯಿತು. ಮಕ್ಕಳು ಓದಿ ಬೆಂಗಳೂರು, ಮೈಸೂರು ಸೇರಿದ್ದಾರೆ. ತೋಟದ ಆಳುಗಳ ಲೈನ್‌ಮನೆಗಳೂ ಖಾಲಿ. ಒಂಟಿ ಮನೆಯಲ್ಲಿ ವಯಸ್ಸಾಗುತ್ತಿರುವ ಗಂಡ ಹೆಂಡತಿ, ಶೆಡ್ಡಿನಲ್ಲಿ ಒಂದು ಕಾರು. ರಾತ್ರಿ ಗಂಡನಿಗೆ ಎದೆನೋವು ಬಂದರೆ ಮಡಿಕೇರಿಗೆ ಯಾರು ಕರೆದುಕೊಂಡು ಹೋಗುತ್ತಾರೆ? ಬೆಂಗಳೂರಿನ ಮಗನೇ?

2018ರ ಆಗಸ್ಟ್ ನೆನಪಿಸಿಕೊಳ್ಳಿ. ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು ಕಡೆ ಗುಡ್ಡಗಳು ಇಳಿದು ಬಂದವು. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಆ ಹೊತ್ತು ಇದ್ದದ್ದು ಅತ್ತೆ, ಸೊಸೆ ಇಬ್ಬರೇ. ಕಾರು ಅಂಗಳದಲ್ಲಿತ್ತು, ರಸ್ತೆ ಇನ್ನೂ ಇತ್ತು. ಓಡಿಸುವವರು ಊರಲ್ಲಿರಲಿಲ್ಲ. ಮಳೆಯಲ್ಲಿ ನಡೆದುಕೊಂಡೇ ಹೊರಟರು, ದಾರಿಯಲ್ಲಿ ಯಾರದೋ ಪಿಕಪ್ ಸಿಕ್ಕಿ ಬದುಕಿದರು. ಆ ಸೊಸೆಯ ಹತ್ತಿರ ಲೈಸೆನ್ಸ್ ಇತ್ತು. ಮದುವೆಗೆ ಮೊದಲು ಮಾಡಿಸಿದ್ದು, ಆಮೇಲೆ ಯಾರೂ ಕೀ ಕೊಟ್ಟಿರಲಿಲ್ಲ. ಅದನ್ನು ಅವಳು ನನಗೆ ಹೇಳುವಾಗ ಅತ್ತಳು. ಅದಕ್ಕೇ ನಿಮ್ಮ ಪತ್ರ ಓದಿದಾಗ ಬೇರೆ ಪತ್ರಗಳನ್ನೆಲ್ಲ ಬದಿಗಿಟ್ಟೆ.

ಇನ್ನು ವಾರದ ಕೊನೆಯಲ್ಲಿ ಹೊರಗಿನಿಂದ ಬರುವವರು. ಬರಲಿ, ನೋಡಲಿ, ಬೇಡ ಅನ್ನುವುದಿಲ್ಲ. ಆದರೆ ತಿರುವಿನಲ್ಲಿ ಓವರ್‌ಟೇಕ್ ಮಾಡುವುದು, ಮುಂದಿನ ಗಾಡಿಗೆ ಅಂಟಿಕೊಂಡು ಹಾರ್ನ್ ಒತ್ತುವುದು, ಸೆಲ್ಫಿಗೆ ತಿರುವಿನಲ್ಲೇ ಕಾರು ನಿಲ್ಲಿಸುವುದು ನಮ್ಮ ದಾರಿಗಳಲ್ಲಿ ನಡೆಯುವುದಿಲ್ಲ. ಅವರನ್ನು ನೋಡಿ ನಮ್ಮ ಹುಡುಗರೂ ಕೆಡುತ್ತಿದ್ದಾರೆ. ಕಣ್ಣಿಗೆ ಕಾಣದ ತಿರುವಿನಲ್ಲಿ ಒಮ್ಮೆ ಹಾರ್ನ್ ಮಾಡುವುದು ಎದುರಿನವರಿಗೆ ಎಚ್ಚರಿಕೆ. ಎಲ್ ಬೋರ್ಡಿನ ಹಿಂದೆ ನಿಂತು ಹಾರ್ನ್ ಮಾಡುವುದು ಬೈಗುಳ. ಆ ಬಿಳಿ ಹಲಗೆಯ ಕೆಂಪು ‘ಎಲ್’ ಕಂಡ ಕೂಡಲೇ ನಾವು ನಾಲ್ಕು ಮಾರು ಹಿಂದೆ ಉಳಿಯಬೇಕಲ್ವಾ? ನಾವೆಲ್ಲ ಒಂದು ದಿನ ಆ ಹಲಗೆ ಹಾಕಿಕೊಂಡವರೇ. ನಿಮಗೀಗ ಕಾನೂನಿನ ಪ್ರಕಾರ ಅದು ಬೇಡ. ಆದರೂ ಹಿಂದಿನ ಗಾಜಿಗೆ ‘ಹೊಸ ಚಾಲಕರು’ ಅಂತ ಕನ್ನಡದಲ್ಲಿ ಬರೆದು ಅಂಟಿಸಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ನಿಮ್ಮ ಮನೆಯವರಿಗೆ ಈ ಪುಟ ಓದಲು ಕೊಡಿ. ಮೊದಲ ವಾರ ಅವರು ಪಕ್ಕದಲ್ಲಿ ಕೂರಲಿ, ಆದರೆ ಮಾತಾಡದೆ. ಎರಡನೇ ವಾರ ಮನೆಯಲ್ಲೇ ಇರಲಿ. ಒಂದು ಭಾನುವಾರ ಬೆಳಿಗ್ಗೆ, ಮಂಜು ಸ್ವಲ್ಪ ಸರಿದ ಮೇಲೆ, ಪ್ರವಾಸಿಗಳು ಏಳುವ ಮೊದಲು, ಒಬ್ಬರೇ ನಾಪೋಕ್ಲಿಗೆ ಹೋಗಿ ಬನ್ನಿ. ಬಂದು ನನಗೆ ಇನ್ನೊಂದು ಪತ್ರ ಬರೆಯಿರಿ. ಮನೆಯ ಏರಿನಲ್ಲಿ ಆ ಜೀಪು ಮತ್ತೆ ಸಿಕ್ಕಿದರೆ, ಅವನು ನಿಲ್ಲಿಸಿದನೋ ಇಲ್ಲವೋ, ಅದನ್ನೂ ಬರೆಯಿರಿ.