ನನ್ನನ್ನು ಕೇಳದೆ ಮಚ್ಚೆ ಅಳಿಸಿದರು

ಪ್ರಶ್ನೆ: ನನಗೆ 28 ವರ್ಷ. ಹುಟ್ಟಿನಿಂದಲೇ ಎಡಗೆನ್ನೆಯಿಂದ ಕಣ್ಣಿನ ಮೇಲ್ರೆಪ್ಪೆವರೆಗೆ ಕಡುಗೆಂಪು ಮಚ್ಚೆ ಇದೆ. ಡಾಕ್ಟರ್ ಅದನ್ನು 'ಪೋರ್ಟ್ ವೈನ್ ಸ್ಟೇನ್' ಅಂದಿದ್ದರು. ಜನ ದಿಟ್ಟಿಸುವುದು, ಮಕ್ಕಳು "ಏನಿದು?" ಅನ್ನುವುದು ಎಲ್ಲಾ ಅಭ್ಯಾಸವಾಗಿದೆ. ಈಚೆಗೆ ತಂಗಿಯ ಮದುವೆಯಾಯಿತು. ಆಲ್ಬಮ್ ಬಂದಾಗ ನೋಡಿದರೆ ಒಂದು ಫೋಟೋದಲ್ಲೂ ನನ್ನ ಮಚ್ಚೆ ಇಲ್ಲ. ಅಮ್ಮನೇ ಫೋಟೋಗ್ರಾಫರ್‌ಗೆ ಹೇಳಿ ತೆಗೆಸಿದ್ದರಂತೆ. "ನೋಡು, ಎಷ್ಟು ಲಕ್ಷಣವಾಗಿದ್ದೀಯ" ಅಂತ ಕಣ್ಣೊರೆಸಿಕೊಂಡರು. ಅದರಲ್ಲೊಂದನ್ನು ದೊಡ್ಡದು ಮಾಡಿಸಿ ಹಾಲ್‌ನಲ್ಲಿ ಹಾಕಿದ್ದಾರೆ. ಅದರ ಮುಂದೆ ಓಡಾಡುವಾಗೆಲ್ಲ ಸಂಕಟವಾಗುತ್ತದೆ. ತೆಗೆಯಮ್ಮ ಅಂದರೆ ಅಮ್ಮನಿಗೆ ನೋವಾಗುತ್ತದೆ. ನಾನೇ ಜಾಸ್ತಿ ಮಾಡ್ತಿದ್ದೀನಾ?
– ಹೆಸರು ಬೇಡ

ಉತ್ತರ: ಇಲ್ಲ, ಜಾಸ್ತಿ ಮಾಡುತ್ತಿಲ್ಲ.

ಮೇಕಪ್ ಹಾಕಿ ಮಚ್ಚೆ ಮುಚ್ಚಿಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ. ಅದಕ್ಕೆಂದೇ ಚರ್ಮದ ಬಣ್ಣಕ್ಕೆ ಹೊಂದುವ ದಪ್ಪ ಕ್ರೀಮುಗಳೂ ಬರುತ್ತವೆ. ಆವತ್ತು ನೀವೇ ಹಚ್ಚಿಕೊಂಡಿದ್ದರೆ ಅದು ನಿಮ್ಮಿಷ್ಟ, ಯಾರೂ ಕೇಳುವಂತಿರಲಿಲ್ಲ. ಇಲ್ಲಿ ಆಗಿರುವುದೇ ಬೇರೆ. ನಿಮ್ಮ ಮುಖ ಹೇಗಿರಬೇಕು ಅಂತ ಬೇರೆ ಇಬ್ಬರು ಸೇರಿ ತೀರ್ಮಾನ ಮಾಡಿದ್ದಾರೆ. ನಿಮಗೆ ತಿಳಿದದ್ದು ಆಲ್ಬಮ್ ಬಿಡಿಸಿದ ಮೇಲೆ. ಸಂಕಟ ಆಗದೆ ಇನ್ನೇನು?

ಸೋವಿಯತ್ ನಾಯಕ ಮಿಖಾಯಿಲ್ ಗೋರ್ಬಚೇವ್ ಅವರ ತಲೆಯ ಮೇಲೂ ಇಂಥದ್ದೇ ಮಚ್ಚೆ ಇತ್ತು. 1985ರಲ್ಲಿ ಅವರು ಅಧಿಕಾರಕ್ಕೆ ಬಂದ ಹೊಸದರಲ್ಲಿ ಸರ್ಕಾರಿ ಫೋಟೋಗಳಲ್ಲಿ ಅದನ್ನು ಅಳಿಸಿಬಿಡುತ್ತಿದ್ದರು. ಇತ್ತ ಟಿವಿಯಲ್ಲಿ ಇಡೀ ಜಗತ್ತು ಅದನ್ನೇ ನೋಡುತ್ತಿತ್ತು! ನಿಮ್ಮ ಹಾಲ್‌ನ ಫೋಟೋ ಕಥೆಯೂ ಅಷ್ಟೇ ಅಲ್ವಾ? ಮನೆಗೆ ಬರುವ ಯಾರಿಗೆ ನಿಮ್ಮ ಮುಖ ಗೊತ್ತಿಲ್ಲ?

ಈಗ ಅಮ್ಮನ ವಿಷಯ. ಅವರು ಕಣ್ಣೊರೆಸಿಕೊಂಡರು ಅಂತ ಬರೆದಿದ್ದೀರಲ್ಲ, ನಾನು ಆ ಸಾಲನ್ನು ಮತ್ತೆ ಓದಿದೆ. ಇಂಥ ಮಗುವನ್ನು ಹೆತ್ತ ಎಷ್ಟೋ ತಾಯಂದಿರು ಬಸುರಿಯಾಗಿದ್ದಾಗ ತಮ್ಮಿಂದಲೇ ಏನೋ ತಪ್ಪಾಯಿತು ಅಂತ ಒಳಗೊಳಗೇ ಕೊರಗುತ್ತಾರೆ. ಏನನ್ನೋ ತಿಂದೆ, ಎಲ್ಲೋ ಎಡವಿದೆ, ಸರಿಯಾಗಿ ನಿದ್ದೆ ಮಾಡಲಿಲ್ಲ... ಬಾಯಿಬಿಟ್ಟು ಯಾರಿಗೂ ಹೇಳುವುದಿಲ್ಲ. ನಿಮ್ಮ ಅಮ್ಮನದೂ ಹಾಗೇ ಇದ್ದರೆ, ಅವರು ಅಳಿಸಲು ಹೊರಟಿದ್ದು ತಮ್ಮ ತಪ್ಪನ್ನು. ನಿಮ್ಮ ಬಗ್ಗೆ ನಾಚಿಕೊಂಡು ಮಾಡಿದ ಕೆಲಸ ಅದಾಗಿರಲಾರದು. ಇದು ನನ್ನ ಊಹೆ ಅಷ್ಟೇ. ಆದರೆ ಕೇಳಿ ನೋಡುವುದರಲ್ಲಿ ನಷ್ಟವಿಲ್ಲ.

ಆದ್ದರಿಂದ ಫೋಟೋ ವಿಷಯ ಮೊದಲೇ ಎತ್ತಬೇಡಿ. ನೀವಿಬ್ಬರೇ ಇರುವಾಗ, ಏನಾದರೂ ಕೆಲಸ ಮಾಡುತ್ತಾ, "ಅಮ್ಮಾ, ಈ ಮಚ್ಚೆ ನಂಗೆ ಯಾಕೆ ಬಂತು ಅಂತ ನಿಂಗನ್ಸುತ್ತೆ?" ಅಂತ ಕೇಳಿ. ಕೇಳಿ ಸುಮ್ಮನಿರಿ. ಉತ್ತರ ಬರಲು ತಡವಾಗಬಹುದು. ನಡುವೆ ಬಾಯಿ ಹಾಕಬೇಡಿ.

ಆಮೇಲೆ ಇಷ್ಟನ್ನು ತಿಳಿಸಿ. ಚರ್ಮದಡಿಯ ಸಣ್ಣ ರಕ್ತನಾಳಗಳು ಹಿಗ್ಗಿಕೊಂಡಿರುವುದರಿಂದ ಈ ಬಣ್ಣ. ಭ್ರೂಣ ಬೆಳೆಯುವಾಗ ಕೆಲವು ಜೀವಕೋಶಗಳ ಒಂದು ಜೀನ್‌ನಲ್ಲಿ ತಾನಾಗಿಯೇ ಆಗುವ ಸಣ್ಣ ಬದಲಾವಣೆ ಇದಕ್ಕೆ ಕಾರಣ ಅಂತ 2013ರಲ್ಲಿ ವಿಜ್ಞಾನಿಗಳು ಕಂಡುಹಿಡಿದರು. ಸಾವಿರ ಮಕ್ಕಳಲ್ಲಿ ಸುಮಾರು ಮೂವರಿಗೆ ಇಂಥ ಮಚ್ಚೆ ಇರುತ್ತದೆ. ತಾಯಿ ತಿಂದದ್ದಕ್ಕೂ ಮಾಡಿದ್ದಕ್ಕೂ ಸಂಬಂಧವೇ ಇಲ್ಲ. ನೀವು ಇದನ್ನೆಲ್ಲ ಓದಿಕೊಂಡಿರಬಹುದು, ಅಮ್ಮನಿಗೆ ಯಾರಾದರೂ ಹೇಳಿದ್ದಾರಾ?

ಫೋಟೋ ಮಾತು ಇನ್ನೊಂದು ದಿನಕ್ಕಿರಲಿ. "ಅದರಲ್ಲಿ ಇರೋಳು ನಾನು ಅನ್ಸಲ್ಲಮ್ಮ, ಮಚ್ಚೆ ಇರೋದನ್ನೇ ಹಾಕೋಣ" ಅಂದರೆ ಸಾಕು. ಅಮ್ಮ ಒಂದೇ ಸಲಕ್ಕೆ ಒಪ್ಪುತ್ತಾರೆ ಅಂತ ನಾನು ಹೇಳುವುದಿಲ್ಲ. ಅಳಬಹುದು, ಎರಡು ದಿನ ಮುಖ ಊದಿಸಿಕೊಂಡಿರಬಹುದು. ಇರಲಿ ಬಿಡಿ. ಹಾಗಂತ ಅವರಿಲ್ಲದಾಗ ನೀವೇ ತೆಗೆದು ಬೀರುವಿನಲ್ಲಿ ಬಚ್ಚಿಡಬೇಡಿ, ಆಗ ನೀವೂ ಕೇಳದೆ ಮಾಡಿದಂತೆ ಆಗುತ್ತದೆ.

ಒಂದು ಕೆಲಸ ಮಾತ್ರ ಇವತ್ತೇ ಮಾಡಿ. ಫೋಟೋಗ್ರಾಫರ್‌ಗೆ ನೀವೇ ಫೋನ್ ಮಾಡಿ, ತಿದ್ದುವ ಮೊದಲಿನ ಫೈಲ್‌ಗಳನ್ನು ಕೇಳಿ ಇಸಕೊಳ್ಳಿ. ತುಂಬ ದಿನ ಬಿಟ್ಟರೆ ಡಿಲೀಟ್ ಮಾಡಿಬಿಟ್ಟಾರು. ತಂಗಿಗೂ ಹೇಳಿ. ಆಲ್ಬಮ್ ಅವರದು, ಅಕ್ಕ ಇರುವ ಹಾಗೇ ಇರಲಿ ಅಂತ ಅವರಿಗೂ ಅನ್ನಿಸಿರಬಹುದು.

ದಿಟ್ಟಿಸುವವರ ಬಗ್ಗೆ ನಿಮಗೆ ನಾನು ಹೇಳಿಕೊಡುವಂಥದ್ದು ಏನೂ ಇಲ್ಲ, 28 ವರ್ಷದ ಅನುಭವ ನಿಮ್ಮದು.

ಕೇಳದಿದ್ದರೂ ಒಂದು ಹೇಳುತ್ತೇನೆ. ಬಣ್ಣ ತಿಳಿ ಮಾಡಲು ಲೇಸರ್ ಚಿಕಿತ್ಸೆ ಇದೆ. ಹಲವು ಸಲ ಹೋಗಬೇಕು, ಪೂರ್ತಿ ಹೋಗುವುದು ಅಪರೂಪ. ಬೇಕೋ ಬೇಡವೋ ನಿಮಗೆ ಬಿಟ್ಟದ್ದು. ಕಣ್ಣಿನ ವಿಷಯ ಹಾಗಲ್ಲ. ಮಚ್ಚೆ ಮೇಲ್ರೆಪ್ಪೆಗೆ ಬಂದಿದ್ದರೆ ಆ ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ಗ್ಲಾಕೋಮಾ, ಅಂದರೆ ಕಣ್ಣಿನ ನರ ಹಾಳಾಗಿ ದೃಷ್ಟಿ ಕುಂದುವ ಕಾಯಿಲೆ, ಬರುವ ಸಾಧ್ಯತೆ ಇರುತ್ತದೆ. ಎಷ್ಟೋ ಸಲ ನೋವೇ ಇರುವುದಿಲ್ಲ, ಗೊತ್ತೇ ಆಗುವುದಿಲ್ಲ. ಈಚೆಗೆ ತೋರಿಸಿಲ್ಲದಿದ್ದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಒತ್ತಡ ನೋಡಿಸಿಕೊಂಡು ಬನ್ನಿ. ಮುಂದೆ ಎಷ್ಟು ದಿನಕ್ಕೊಮ್ಮೆ ಬರಬೇಕು ಅಂತಲೂ ಕೇಳಿಕೊಳ್ಳಿ.