ಮನೆ ರಿಪೇರಿ: ಒಂದು ಪ್ಯಾನೆಲ್ ಸುಡುತ್ತೆ, ಇನ್ನೊಂದು ಬರೇ ಬೆಚ್ಚಗೆ

ಪ್ರಶ್ನೆ: ನಮಸ್ಕಾರ ರೀ. ನಮ್ಮದು ಪುಣೆದ ಕೋಥ್ರೂಡದಾಗ ಹಳೇ ಬಂಗಲೆ, ಕೆಳಗ ನಾವಿಬ್ಬರು ಮುದುಕರು, ಮ್ಯಾಲ ಮಗ-ಸೊಸಿ. ಗಚ್ಚಿ ಮ್ಯಾಲ ನೀರು ಕಾಸೂ 200 ಲೀಟರಿನ ಸೋಲಾರ್ ಅದ, ಎರಡು ಗಾಜಿನ ಪ್ಯಾನೆಲ್ಲು, ಪಂಪು ಗಿಂಪು ಏನಿಲ್ಲ, ಹದಿನಾಲ್ಕು ವರ್ಷ ಒಂದ ದಿನಾನೂ ತ್ರಾಸ ಕೊಟ್ಟಿಲ್ಲ. ಮೇ ತಿಂಗಳಾಗ ಗಚ್ಚಿಗೆ ವಾಟರ್‌ಪ್ರೂಫಿಂಗ್ ಮಾಡಿಸಿದ್ವಿ, ಅವಾಗ ಎಲ್ಲಾ ಬಿಚ್ಚಿಟ್ಟು ಮತ್ತ ಜೋಡಿಸ್ಯಾರ. ಈಗ ಥಂಡಿ ಸುರು ಆದಾಗಿಂದ ನೀರು ಅರ್ಧಾಮರ್ಧಾ ಕಾಯ್ತದ, ಮ್ಯಾಲಿನವರಿಗೆ ಹೆಂಗೋ ಸಾಕಾಗ್ತದ, ನಮ್ಮ ಬಚ್ಚಲಕ್ಕ ಬರೋದು ಉಗುರುಬೆಚ್ಚಗಿನ ನೀರು. ಮಧ್ಯಾಹ್ನ ಮ್ಯಾಲ ಹೋಗಿ ಮುಟ್ಟಿ ನೋಡಿದ್ರ ಒಂದು ಪ್ಯಾನೆಲ್ಲಿನ ಗಾಜು ಕೈ ಇಡಲಿಕ್ಕಾಗೂದಿಲ್ಲ ಹಂಗ ಸುಡ್ತದ, ಇನ್ನೊಂದು ಬರೇ ಬೆಚ್ಚಗ. ಪ್ಲಂಬರ್ ನೋಡಿ, ಕಾಕೂ, ಬೆಚ್ಚಗಿರೋ ಪ್ಯಾನೆಲ್ ಖರಾಬ್ ಆಗ್ಯದ, ಹೊಸಾದು ಹಾಕ್ಬೇಕು ಅಂತಾನ. ಹಾಕಿಸ್ಲ್ಯೋ ಬ್ಯಾಡೋ?

ಉತ್ತರ: ಅಮ್ಮಾ, ಹಾಕಿಸ್ಬೇಡಿ. ನಿಮ್ಮ ಪ್ಲಂಬರ್ ಉಲ್ಟಾ ಹೇಳ್ತಿದಾನೆ. ಬೆಚ್ಚಗಿರೋ ಪ್ಯಾನೆಲ್ಲೇ ಕೆಲಸ ಮಾಡ್ತಿರೋದು, ಬಿಸಿಲು ಕೊಟ್ಟಿದ್ದನ್ನ ನೀರಿಗೆ ದಾಟಿಸಿ ತಾನು ತಣ್ಣಗಿದೆ. ಸುಡ್ತಿದೆಯಲ್ಲ, ಅದರೊಳಗೆ ನೀರು ಓಡ್ತಾ ಇಲ್ಲ, ನಿಂತ ನೀರೇ ಕಾದು ಕಾದು ತಾಮ್ರದ ಪಟ್ಟಿ, ಗಾಜು ಎಲ್ಲಾ ಸುಡ್ತಿದೆ, ಆ ಬಿಸಿ ಟ್ಯಾಂಕಿಗೆ ಹೋಗೋ ಬದಲು ಗಾಳಿಗೆ ಹೋಗ್ತಿದೆ. ಒಲೆ ಮೇಲೆ ಖಾಲಿ ಪಾತ್ರೆ ಇಟ್ರೆ ಬೇಗ ಕೆಂಪಗಾಗುತ್ತಲ್ಲ, ಹಾಗೆ. ಅಂದ್ರೆ ಅವನು ತೆಗೆದು ಬಿಸಾಕೋಕೆ ಹೊರಟಿರೋದು ಸರಿಯಾಗಿರೋ ಪ್ಯಾನೆಲ್ಲು, ಸಾವಿರಾರು ರೂಪಾಯಿ ಕೊಟ್ಟು ಹೊಸದು ಹಾಕಿಸಿದ್ರೂ ಮುಂದಿನ ವಾರ ಇದೇ ಕತೆ.

ಪಂಪ್ ಇಲ್ಲದ ಸೋಲಾರ್ ಎಷ್ಟು ನಾಜೂಕಿನದು ಅಂತ ಒಂದು ಲೆಕ್ಕ ಹೇಳ್ತೀನಿ. ಕಾದ ನೀರು ಹಗುರ, ಮೇಲೆ ಟ್ಯಾಂಕಿಗೆ ಏರುತ್ತೆ, ಟ್ಯಾಂಕಿನ ತಳದ ತಣ್ಣೀರು ಭಾರ, ಕೆಳಗೆ ಪ್ಯಾನೆಲ್ಲಿಗೆ ಇಳಿಯುತ್ತೆ, ಇಷ್ಟೇ ಅದರ ಯಂತ್ರ. ಎರಡು ಮೀಟರ್ ಉದ್ದದ ಪ್ಯಾನೆಲ್ಲನ್ನ 30 ಡಿಗ್ರಿ ಓರೆಯಾಗಿ ಇಟ್ರೆ ನೆಲದಿಂದ ಅದರ ಎತ್ತರ ಒಂದೇ ಮೀಟರ್ ಆಗುತ್ತೆ, ಆ ಒಂದು ಮೀಟರ್ ಎತ್ತರದಲ್ಲಿ 25 ಡಿಗ್ರಿ ನೀರಿಗೂ 60 ಡಿಗ್ರಿ ನೀರಿಗೂ ಇರೋ ತೂಕದ ವ್ಯತ್ಯಾಸ ಬರೀ 14 ಮಿಲಿಮೀಟರ್ ನೀರಿನಷ್ಟು. ಬೆರಳಿನ ಒಂದು ಗೆಣ್ಣಷ್ಟೂ ಇಲ್ಲ! ಟ್ಯಾಂಕು ಇನ್ನೂ ಸ್ವಲ್ಪ ಮೇಲಿರೋದ್ರಿಂದ ಚೂರು ಜಾಸ್ತಿ ಸಿಗಬಹುದು, ಆದ್ರೂ ಅಷ್ಟರಲ್ಲೇ ಇಡೀ ನೀರು ಸುತ್ತಬೇಕು, ಹಾಗಾಗಿ ಪೈಪಲ್ಲಿ ಎಲ್ಲಾದ್ರೂ ಒಂದು ಡುಬ್ಬ ಇದ್ದು ಅಲ್ಲಿ ಗಾಳಿ ಕೂತ್ರೆ ಮುಗೀತು, ಅದನ್ನ ತಳ್ಳೋ ತಾಕತ್ತು ಈ ನೀರಿಗಿಲ್ಲ.

ಈಗ ವಾಟರ್‌ಪ್ರೂಫಿಂಗ್ ವಿಷ್ಯ. ನಿಮ್ಮದೂ ಕೋಬಾ, ಅಂದ್ರೆ ಇಟ್ಟಿಗೆ ಚೂರು-ಗಾರೆಯ ದಪ್ಪ ಹಾಸು, ಇರಬೇಕು, ಪುಣೆಯಲ್ಲಿ ಹಳೇ ಮನೆಗಳಿಗೆ ಹೆಚ್ಚಾಗಿ ಅದೇ ಹಾಕೋದು. ಕೋಬಾ ಹಾಕುವಾಗ ಮಳೆ ನೀರು ಹರಿದು ಹೋಗ್ಲಿ ಅಂತ ಒಂದು ಕಡೆಗೆ ಇಳಿಜಾರು ಕೊಡ್ತಾರೆ, ಅದರ ಮೇಲೆ ಹಳೇ ಸ್ಟ್ಯಾಂಡನ್ನ ಹಾಗೇ ತಂದು ಕೂರಿಸಿದ್ರೆ ಸ್ಟ್ಯಾಂಡೂ ವಾಲುತ್ತೆ. ಧನಕವಡಿಯ ನಮ್ಮನೇಲೂ ಹೀಗೇ ಆಗಿತ್ತು, ಎರಡು ಚಳಿಗಾಲ ಗೀಸರ್ ಬಿಲ್ ಕಟ್ಟಿದ ಮೇಲೆ ಒಂದಿನ ಗಾರೆಯವನ ರಸಮಟ್ಟ ತಗೊಂಡು ಹೋಗಿ ಪ್ಯಾನೆಲ್ಲಿನ ಮೇಲಂಚಿನ ಮೇಲೆ ಇಟ್ಟು ನೋಡ್ತೀನಿ, ಗುಳ್ಳೆ ಪೂರ್ತಿ ತಪ್ಪು ಕಡೆ ಹೋಗಿ ಕೂತಿದೆ. ಬಿಸಿನೀರು ಹೊರಗೆ ಹೋಗೋ ಮೂಲೆ ಚೂರು ಎತ್ತರ ಇರಬೇಕು, ನಮ್ಮದ್ರಲ್ಲಿ ಅದೇ ತಗ್ಗಾಗಿತ್ತು, ಗಾಳಿ ಎಲ್ಲಾ ದೂರದ ಪ್ಯಾನೆಲ್ಲಿನ ತಲೇಲಿ ಸೇರ್ಕೊಂಡಿತ್ತು. ಎರಡು ಕಾಲಿನ ಕೆಳಗೆ ಶಾಹಬಾದ್ ಕಲ್ಲಿನ ತುಂಡು ಕೊಟ್ವಿ, ಅಷ್ಟೇ ರಿಪೇರಿ.

ನಿಮ್ಮ ಕೇಸಲ್ಲಿ ಇನ್ನೊಂದು ಅನುಮಾನ ನನಗೆ ಇದಕ್ಕಿಂತ ಜಾಸ್ತಿ ಇದೆ. ಎರಡು ಪ್ಯಾನೆಲ್ ಪಕ್ಕಪಕ್ಕ ಜೋಡಿಸಿದಾಗ ತಣ್ಣೀರು ಕೆಳಗಿನ ಒಂದು ಮೂಲೇಲಿ ಒಳಗೆ ಹೋದ್ರೆ ಬಿಸಿನೀರು ಅದರ ಎದುರು ಮೂಲೆಯಿಂದ, ಅಂದ್ರೆ ಕೆಳಗೆ ಎಡಗಡೆ ಹೋದ್ರೆ ಮೇಲೆ ಬಲಗಡೆಯಿಂದ, ಹೊರಗೆ ಬರಬೇಕು. ಆಗ ಯಾವ ಪ್ಯಾನೆಲ್ ಮೂಲಕ ಹೋದ್ರೂ ನೀರಿಗೆ ದಾರಿ ಒಂದೇ ಉದ್ದ. ಮತ್ತೆ ಜೋಡಿಸುವಾಗ ಪೈಪ್ ಉಳಿಯುತ್ತೆ ಅಂತ ಎರಡನ್ನೂ ಒಂದೇ ಕಡೆ ಕೊಟ್ಟುಬಿಟ್ರೆ ನೀರು ಹತ್ತಿರದ ಪ್ಯಾನೆಲ್ಲಲ್ಲೇ ಸುತ್ತಿ ವಾಪಸ್ ಹೋಗುತ್ತೆ, ದೂರದ್ದು ಸುಮ್ನೆ ಕಾಯ್ತಾ ಕೂತಿರುತ್ತೆ. ಹಾಗಾಗಿ ಮೊದಲು ನೋಡಿ, ಸುಡ್ತಿರೋದು ಪೈಪಿಗೆ ಹತ್ತಿರದ್ದಾ ದೂರದ್ದಾ. ದೂರದ್ದೇ ಆಗಿದ್ದು ಎರಡು ಪೈಪೂ ಒಂದೇ ಬದಿ ಇದ್ರೆ ಕಳ್ಳ ಸಿಕ್ಕ. ಹಾಗಿಲ್ಲ ಅಂದ್ರೆ ರಸಮಟ್ಟ ಇಡಿ, ಪ್ಯಾನೆಲ್ಲಿಂದ ಟ್ಯಾಂಕಿನ ತನಕ ಪೈಪು ಎಲ್ಲೂ ಇಳಿಯದೆ ಏರ್ತಾ ಹೋಗಿದೆಯಾ ಅಂತ ಕೈಯಾಡಿಸಿ ನೋಡಿ. ಅದೂ ಸರಿ ಇದ್ರೆ ಉಳಿಯೋದು ಸುಣ್ಣ, ಟ್ಯಾಂಕರ್ ನೀರು ತುಂಬಿಸ್ತೀರಾ? ಬೋರ್‌ವೆಲ್ ನೀರಾದ್ರೆ ಒಳಗಿನ ಸಣ್ಣ ಪೈಪುಗಳು ಕಟ್ಟಿರಬಹುದು, ಅದಕ್ಕೆ ಆಸಿಡ್ ಹಾಕಿ ತೊಳೆಯೋರು ಬೇರೆ ಇದಾರೆ, ಮನೇಲಿ ಪ್ರಯೋಗ ಬೇಡ.

ಒಂದು ಮಾತು, ಬಿಚ್ಚೋ ಕೆಲಸ ಬೆಳಗ್ಗೆ ಬಿಸಿಲು ಬೀಳೋ ಮೊದಲು ಮಾಡಿಸಿ. ಮಧ್ಯಾಹ್ನ ಆ ಸುಡೋ ಪ್ಯಾನೆಲ್ಲಿನ ಜಾಯಿಂಟ್ ಬಿಚ್ಚಿದ್ರೆ ಹಬೆ ಮುಖಕ್ಕೆ ಹೊಡಿಯುತ್ತೆ.

ಇನ್ನು ಕೆಳಗಿನ ಬಚ್ಚಲು. ಟ್ಯಾಂಕೇ ಸರಿಯಾಗಿ ಕಾಯದೇ ಇದ್ದಾಗ ಕೊನೇಲಿರೋರಿಗೆ ಮೊದಲು ಕಮ್ಮಿ ಆಗೋದು ಸಹಜ. ಟೆರೇಸಿಂದ ನಿಮ್ಮ ನಲ್ಲಿ ತನಕ ಮುಕ್ಕಾಲಿಂಚಿನ ಪೈಪು 20 ಮೀಟರ್ ಇದ್ರೆ ಅದರಲ್ಲೇ ಸುಮಾರು ಆರು ಲೀಟರ್ ತಣ್ಣೀರು ನಿಂತಿರುತ್ತೆ, ಅದು ಬರೋ ತನಕ ಬಕೆಟ್ಟಲ್ಲಿ ಹಿಡಿದು ಗಿಡಕ್ಕೆ ಹಾಕಿ. ಆದ್ರೆ ಆರೇಳು ಲೀಟರ್ ಹೋದ ಮೇಲೂ ಉಗುರುಬೆಚ್ಚಗೇ ಬರ್ತಿದ್ರೆ ಮೇಲಿನವರ ಬಾತ್‌ರೂಮಿನ ಮಿಕ್ಸರ್ ನೋಡಿ. ಬಿಸಿ-ತಣ್ಣೀರು ಎರಡೂ ನಲ್ಲಿ ತೆರೆದಿಟ್ಟು ಹ್ಯಾಂಡ್ ಶವರಿನ ಬಟನ್ ಮಾತ್ರ ಮುಚ್ಚೋ ಅಭ್ಯಾಸ ಇರುತ್ತೆ ಈಗಿನ ಮಕ್ಕಳಿಗೆ, ಆಗ ತಣ್ಣೀರಿನ ಪ್ರೆಷರ್ ಜಾಸ್ತಿ ಇದ್ರೆ ಅದು ಮಿಕ್ಸರ್ ಒಳಗಿಂದಲೇ ಬಿಸಿನೀರಿನ ಲೈನಿಗೆ ನುಗ್ಗುತ್ತೆ. ಪತ್ತೆ ಮಾಡೋದು ಸುಲಭ, ಸೋಲಾರ್ ಟ್ಯಾಂಕಿಂದ ಕೆಳಗೆ ಬರೋ ವಾಲ್ವ್ ಬಂದ್ ಮಾಡಿ ನಿಮ್ಮ ಬಿಸಿನೀರಿನ ನಲ್ಲಿ ತೆರೀರಿ, ಪೈಪಿನ ನೀರೆಲ್ಲ ಖಾಲಿಯಾದ ಮೇಲೂ ನೀರು ಬರ್ತಾನೇ ಇದ್ರೆ ಅದು ಕಳ್ಳದಾರೀಲಿ ಬಂದ ತಣ್ಣೀರು. ಸೊಸೆಗೆ ಹೇಳೋದು ಕಷ್ಟ ಅನ್ಸಿದ್ರೆ ಆ ಮಿಕ್ಸರಿನ ಬಿಸಿನೀರಿನ ಪೈಪಿಗೆ ಒಂದು ನಾನ್ ರಿಟರ್ನ್ ವಾಲ್ವ್, ಅಂದ್ರೆ ನೀರನ್ನ ಒಂದೇ ದಿಕ್ಕಿಗೆ ಬಿಡೋ ವಾಲ್ವ್, ಹಾಕಿಸಿ, ಮನೆಯಲ್ಲಿ ಶಾಂತಿ ಇರುತ್ತೆ.

ಪ್ರಶ್ನೆ: ಪಿಂಪ್ರಿಯಿಂದ ಬರೀತಿದೀನಿ ಸರ್. ಮಗಳು ಬಾಸ್ಟನ್ ಹತ್ರ ನೂರು ವರ್ಷದ ಹಳೇ ಮನೆ ತಗೊಂಡಿದಾಳೆ, ನೆಲಮಾಳಿಗೇಲಿ ಬಾಯ್ಲರ್, ತೊಡೆಗಾತ್ರದ ಕಬ್ಬಿಣದ ಪೈಪು, ರೂಮಿಗೊಂದು ರೇಡಿಯೇಟರ್, ಅಂದ್ರೆ ಒಳಗೆ ಬಿಸಿನೀರು ಓಡಿ ರೂಮನ್ನ ಬೆಚ್ಚಗಿಡೋದು. ಮೊದಲು ಪಂಪ್ ಇರ್ಲಿಲ್ಲವಂತೆ, ಹೋದ ವರ್ಷ ಹಾಕಿಸಿದಳು, ಆಮೇಲೆ ಕೆಳಗಡೆ ಸೆಖೆ, ಮಹಡಿ ಮೇಲೆ ಮಗು ಮಲಗೋ ರೂಮು ತಣ್ಣಗೆ. ದಿನಾ ವಿಡಿಯೋ ಕಾಲಲ್ಲಿ ಇದೇ ಮಾತು.

ಉತ್ತರ: ಮೇಲಿನ ಉತ್ತರ ಓದಿ, ಅದೇ ವಿದ್ಯೆ, ತಿರುಗಾಮುರುಗಾ. ಸೋಲಾರಲ್ಲಿ ನೀರು ಓಡದ ಪ್ಯಾನೆಲ್ ಸುಡುತ್ತೆ, ಇಲ್ಲಿ ನೀರು ಓಡದ ರೇಡಿಯೇಟರ್ ತಣ್ಣಗಿರುತ್ತೆ. ಪಂಪ್ ಇಲ್ಲದಾಗ ಎತ್ತರ ಜಾಸ್ತಿ ಇದ್ದಷ್ಟೂ ಸೆಳೆತ ಜಾಸ್ತಿ, ಹಾಗಾಗಿ ಮಹಡಿಗೆ ತಾನಾಗೇ ಹೆಚ್ಚು ಬಿಸಿ ಹೋಗುತ್ತೆ. ಆ ಕಾಲದ ಕೆಲಸಗಾರರಿಗೆ ಇದು ಗೊತ್ತಿತ್ತು, ಅದಕ್ಕೇ ಮೇಲಕ್ಕೆ ಸಣ್ಣ ಪೈಪು ಕೊಡ್ತಿದ್ರು, ಕೆಲವು ಕಡೆ ಮೇಲಿನ ರೇಡಿಯೇಟರಿನ ಬಾಯಲ್ಲಿ ಸಣ್ಣ ತೂತಿನ ಬಿಲ್ಲೆ ಇಟ್ಟು ತಡೀತಿದ್ರು. ಈಗ ಪಂಪ್ ಬಂತು, ಪಂಪಿಗೆ ಎತ್ತರ ಲೆಕ್ಕಕ್ಕಿಲ್ಲ, ಸಲೀಸಾದ ದಾರಿ ಬೇಕು, ಅದು ಕೆಳಗಿನ ದಪ್ಪ ಪೈಪು.

ಮೊದಲು ಮೇಲಿನ ರೇಡಿಯೇಟರಿನ ಗಾಳಿ ಬಿಡಿಸೋಕೆ ಹೇಳಿ, ಪಂಪ್ ಆಫ್ ಮಾಡಿ ತುದೀಲಿರೋ ಸಣ್ಣ ಸ್ಕ್ರೂವನ್ನ ಅದರ ಕೀಲಿಯಿಂದ ತಿರುಗಿಸಿದ್ರೆ ಸುಸ್ ಅಂತ ಗಾಳಿ ಹೋಗಿ ನೀರು ಬರಬೇಕು. ಗಾಳಿಯೂ ಇಲ್ಲ ನೀರೂ ಇಲ್ಲ ಅಂದ್ರೆ ಸಿಸ್ಟಮ್ಮಲ್ಲಿ ನೀರೇ ಕಮ್ಮಿ ಇದೆ, ಮೇಲಿನ ತನಕ ತುಂಬಿಸ್ಬೇಕು. ನೀರು ಸರಿಯಾಗಿ ಬಂದೂ ತಣ್ಣಗಿದ್ರೆ ಕೆಳಗಿನ ರೇಡಿಯೇಟರ್ ವಾಲ್ವುಗಳನ್ನ ಸ್ವಲ್ಪ ಸ್ವಲ್ಪ ಮುಚ್ತಾ ಬರ್ಲಿ, ತುಂಬಾ ಸುಡೋದ್ರಿಂದ ಶುರು ಮಾಡಿ, ಒಂದು ಸಲ ತಿರುಗಿಸಿದ ಮೇಲೆ ಒಂದು ದಿನ ಬಿಟ್ಟು ನೋಡ್ಬೇಕು, ಕಬ್ಬಿಣಕ್ಕೂ ಅಷ್ಟೊಂದು ನೀರಿಗೂ ಟೈಮ್ ಬೇಕು. ಹಳೇ ವಾಲ್ವು ಬಲವಂತ ಮಾಡಿದ್ರೆ ಸೋರೋಕೆ ಶುರುವಾಗುತ್ತೆ, ಬಿಗಿಯಾಗಿದ್ರೆ ಕೈ ಹಚ್ಚೋದು ಬೇಡ. ಇಷ್ಟಕ್ಕೂ ಬಗ್ಗದಿದ್ರೆ ಮೇಲಿನ ರೇಡಿಯೇಟರಲ್ಲಿ ಆ ಬಿಲ್ಲೆ ಇದೆಯಾ ಅಂತ ಅಲ್ಲಿನವರ ಕೈಲಿ ತೆಗೆಸಿ ನೋಡ್ಲಿ. ಪಂಪ್ ಇರೋ ತನಕ ಅದರ ಅಗತ್ಯ ಇಲ್ಲ, ಆದ್ರೆ ಬಿಸಾಕದೆ ಬಾಯ್ಲರ್ ಪಕ್ಕ ಒಂದು ಡಬ್ಬೀಲಿ ಹಾಕಿಡೋಕೆ ಹೇಳಿ, ನಾಳೆ ಪಂಪ್ ತೆಗೆಸಿದ್ರೆ ಮತ್ತೆ ಬೇಕಾಗುತ್ತೆ.